ಅಟ್ಟದ ಮೇಲಿನ ವಾಲ್ವ್ ರೇಡಿಯೋ: ‘ಕೆಂಪು ಪಾದರಸ’ದ ಸುಳ್ಳು, ರಿಪೇರಿಯ ನಿಜ

‘ನಿಮ್ಮ ಮನೆಯಲ್ಲಿ ಹಳೇ ಕಾಲದ ದೊಡ್ಡ ರೇಡಿಯೋ ಇದೆಯೇ? ಅದರೊಳಗೆ ಕೆಂಪು ಪಾದರಸ ಇರುತ್ತದೆ, ಕೋಟಿಗಟ್ಟಲೆ ಬೆಲೆ, ಗುಜರಿಗೆ ಹಾಕಬೇಡಿ, ಕೂಡಲೇ ಫೋಟೋ ಕಳಿಸಿ.’ ಈ ಅರ್ಥದ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಜೊತೆಗೆ ಒಂದು ವಿಡಿಯೋ ಇರುತ್ತದೆ. ಅದರಲ್ಲಿ ಬೆಳ್ಳುಳ್ಳಿ ಎಸಳು ಹತ್ತಿರ ತಂದರೆ ಕೆಂಪು ಹನಿಯೊಂದು ಹಿಂದಕ್ಕೆ ಸರಿಯುತ್ತದೆ, ಚಿನ್ನದ ಉಂಗುರ ತಂದರೆ ಮುಂದಕ್ಕೆ ಬರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ರೇಡಿಯೋಗಳು ಇನ್ನೂ ಸಿಗುತ್ತವೆ. ಸಂದೇಶ ನಂಬಿದವರಲ್ಲಿ ಕೆಲವರು ವಾಲ್ವ್‌ಗಳನ್ನು ಒಡೆದು ನೋಡುತ್ತಾರೆ, ಕೆಲವರು ‘ಟೆಸ್ಟಿಂಗ್ ಚಾರ್ಜ್’ ಎಂದು ಮುಂಗಡ ಹಣ ಕಟ್ಟುತ್ತಾರೆ. ಸಂದೇಶ ನಂಬದವರು ಮಾಡುವ ತಪ್ಪು ಬೇರೆ. ‘ಕೆಲಸ ಮಾಡುತ್ತಾ ನೋಡೋಣ’ ಎಂದು ಮೂವತ್ತು ವರ್ಷದಿಂದ ಧೂಳು ತಿಂದ ಸೆಟ್ಟನ್ನು ನೇರವಾಗಿ ಪ್ಲಗ್‌ಗೆ ಹಾಕಿಬಿಡುತ್ತಾರೆ. ಮೊದಲನೆಯದರಲ್ಲಿ ರೇಡಿಯೋ ಮತ್ತು ಹಣ ಹೋಗುತ್ತದೆ. ಎರಡನೆಯದರಲ್ಲಿ ಜೀವಕ್ಕೇ ಅಪಾಯವಾಗಬಹುದು.

ಒಂದೇ ಮಾತಿನಲ್ಲಿ ಉತ್ತರ

ವಾಲ್ವ್ ರೇಡಿಯೋದಲ್ಲಿ ಕೆಂಪು ಪಾದರಸ ಇಲ್ಲ. ಆ ಹೆಸರಿನ ಬೆಲೆಬಾಳುವ ವಸ್ತುವೇ ಇಲ್ಲ. ಆದರೆ ಆ ರೇಡಿಯೋವನ್ನು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದರೆ ಬಹಳಷ್ಟು ಸಂದರ್ಭಗಳಲ್ಲಿ ಮತ್ತೆ ಹಾಡಿಸಬಹುದು. ಆ ಕ್ರಮ ಯಾವುದು, ಯಾವ ಕೆಲಸ ನೀವು ಮಾಡಬಹುದು, ಯಾವುದನ್ನು ಮೆಕ್ಯಾನಿಕ್‌ಗೆ ಬಿಡಬೇಕು ಎಂಬುದು ಈ ಲೇಖನದಲ್ಲಿದೆ.

ವಾಲ್ವ್ ಒಳಗೆ ನಿಜವಾಗಿ ಏನಿದೆ?

ಏನೂ ಇಲ್ಲ, ಅಂದರೆ ಗಾಳಿಯೂ ಇಲ್ಲ. ವಾಲ್ವ್ ಎಂದರೆ ಒಳಗಿನ ಗಾಳಿಯನ್ನು ತೆಗೆದು ಮುಚ್ಚಿದ ಗಾಜಿನ ಬುರುಡೆ. ಮಧ್ಯದಲ್ಲಿರುವ ಹೀಟರ್ ಕ್ಯಾಥೋಡ್ ಎಂಬ ಕೊಳವೆಯನ್ನು ಕಾಯಿಸುತ್ತದೆ. ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಸುತ್ತಲಿನ ಲೋಹದ ತಗಡಿನತ್ತ (ಆನೋಡ್) ಹೋಗುತ್ತವೆ. ಇವೆರಡರ ನಡುವೆ ಗ್ರಿಡ್ ಎಂಬ ತೆಳುತಂತಿಯ ಸುರುಳಿ ಇರುತ್ತದೆ. ಗ್ರಿಡ್‌ನ ವೋಲ್ಟೇಜ್ ಸ್ವಲ್ಪ ಬದಲಾದರೂ ಎಲೆಕ್ಟ್ರಾನ್‌ಗಳ ಹರಿವು ಬಹಳ ಬದಲಾಗುತ್ತದೆ. ಏರಿಯಲ್‌ಗೆ ಬಂದ ಕ್ಷೀಣ ಸಂಕೇತ ಸ್ಪೀಕರ್ ಅಲುಗಾಡಿಸುವಷ್ಟು ದೊಡ್ಡದಾಗುವುದು ಹೀಗೆ.

ಹಾಗಾದರೆ ಗಾಜಿನ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣ ಯಾವುದು? ಅನೇಕರು ಅದನ್ನೇ ಪಾದರಸ ಎಂದುಕೊಳ್ಳುತ್ತಾರೆ. ಅದು ಬೇರಿಯಂ ಲೋಹದ ತೆಳು ಲೇಪ. ಉಳಿದ ಅಷ್ಟಿಷ್ಟು ಅನಿಲವನ್ನು ಹೀರಿಕೊಳ್ಳಲೆಂದು ಕಾರ್ಖಾನೆಯಲ್ಲೇ ಹಾಕಿರುತ್ತಾರೆ. ಇದರಿಂದ ಒಂದು ಪ್ರಯೋಜನವಿದೆ. ಆ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಸೀಳಿ ಒಳಗೆ ಗಾಳಿ ಹೋಗಿದೆ, ವಾಲ್ವ್ ಸತ್ತಿದೆ ಎಂದರ್ಥ. ಮೀಟರ್ ಇಲ್ಲದೆ ಕಣ್ಣಿನಲ್ಲೇ ಮಾಡಬಹುದಾದ ಮೊದಲ ಪರೀಕ್ಷೆ ಇದು.

ಕೆಲವು ಹಳೆಯ ಫಿಲಿಪ್ಸ್ ವಾಲ್ವ್‌ಗಳ ಗಾಜಿನ ಹೊರಮೈಗೆ ಕೆಂಪು ಬಣ್ಣದ ಲೋಹಲೇಪ ಬಳಿದಿರುತ್ತಾರೆ. ಅಕ್ಕಪಕ್ಕದ ಸಂಕೇತಗಳು ಬೆರೆಯದಂತೆ ತಡೆಯುವ ಕವಚ ಅದು. ಒಡೆದರೆ ಸಿಗುವುದು ಬಣ್ಣದ ಚಕ್ಕೆ ಮತ್ತು ಗಾಜಿನ ಚೂರು.

ಪಾದರಸ ಇರುವ ವಾಲ್ವ್ ಇಲ್ಲವೇ ಇಲ್ಲ ಎಂದೂ ಹೇಳುವಂತಿಲ್ಲ. ದೊಡ್ಡ ಟ್ರಾನ್ಸ್‌ಮಿಟರ್‌ಗಳಲ್ಲಿ ಪಾದರಸದ ಆವಿ ತುಂಬಿದ ರೆಕ್ಟಿಫೈಯರ್ ವಾಲ್ವ್‌ಗಳು ಇದ್ದವು. ಅದು ಸಾಮಾನ್ಯ ಬೆಳ್ಳಿ ಬಣ್ಣದ ಪಾದರಸವೇ, ಅದಕ್ಕೆ ಕೋಟಿ ಬೆಲೆಯಿಲ್ಲ, ಆವಿ ಉಸಿರಿಗೆ ಹೋದರೆ ವಿಷ. ಮನೆಯ ರೇಡಿಯೋದಲ್ಲಿ ಇಂಥವು ಇರುವುದಿಲ್ಲ.

‘ಕೆಂಪು ಪಾದರಸ’ ಎಲ್ಲಿಂದ ಬಂತು?

ಪಾದರಸದ ಕೆಂಪು ಸಂಯುಕ್ತಗಳು ನಿಜವಾಗಿಯೂ ಇವೆ. ನಮ್ಮವರು ಇಂಗಳೀಕ ಎನ್ನುವುದು ಪಾದರಸ ಮತ್ತು ಗಂಧಕ ಸೇರಿದ ಕೆಂಪು ಖನಿಜ. ಆದರೆ ಫಾರ್ವರ್ಡ್‌ಗಳು ಹೇಳುವುದು ಇದನ್ನಲ್ಲ. ಅಣುಬಾಂಬ್ ಮಾಡಲು ಬೇಕಾಗುವ ಗುಪ್ತ ವಸ್ತು ಎಂಬ ವದಂತಿ ಸೋವಿಯತ್ ಒಕ್ಕೂಟ ಕುಸಿಯುವ ಕಾಲದಲ್ಲಿ ಜಗತ್ತಿನ ಕಳ್ಳಮಾರುಕಟ್ಟೆಯಲ್ಲಿ ಹಬ್ಬಿತು. ಅಂಥ ವಸ್ತು ಇದೆ ಎಂದು ಯಾರೂ ಇದುವರೆಗೆ ತೋರಿಸಿಲ್ಲ. 2009ರಲ್ಲಿ ಇದೇ ವದಂತಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಿಗೆ ಅಂಟಿಕೊಂಡಿತು. ಸೂಜಿಯೊಳಗೆ ಕೆಂಪು ಪಾದರಸ ಇದೆ ಎಂದು ನಂಬಿ ಜನ ಅವುಗಳಿಗೆ ವಿಪರೀತ ಬೆಲೆ ಕೊಟ್ಟರು. ಕಥೆ ಅದೇ, ವಸ್ತು ಮಾತ್ರ ಬದಲಾಗುತ್ತದೆ: ಹೊಲಿಗೆ ಯಂತ್ರ, ಟಿವಿ, ರೇಡಿಯೋ.

ಬೆಳ್ಳುಳ್ಳಿ ವಿಡಿಯೋಗೂ ವಿಜ್ಞಾನಕ್ಕೂ ಸಂಬಂಧವಿಲ್ಲ. ತಟ್ಟೆಯ ಕೆಳಗೆ ಅಯಸ್ಕಾಂತ ಆಡಿಸಿ ಹನಿಯನ್ನು ಓಡಿಸಬಹುದು, ವಿಡಿಯೋವನ್ನು ಹಿಂದುಮುಂದಾಗಿ ಓಡಿಸಿಯೂ ಇಂಥದ್ದನ್ನು ತೋರಿಸಬಹುದು. ದ್ರವ ಲೋಹಕ್ಕೆ ಬೆಳ್ಳುಳ್ಳಿಯ ಗುರುತು ಸಿಗುವುದಿಲ್ಲ.

ಯಾರಾದರೂ ನಿಮ್ಮ ರೇಡಿಯೋ ಕೊಳ್ಳಲು ಬಂದು, ಮೊದಲು ನೀವೇ ಹಣ ಕೊಡಬೇಕು ಎಂದರೆ ಅದು ವಂಚನೆ ಎಂದು ಅಲ್ಲೇ ತೀರ್ಮಾನಿಸಿ. ಪರೀಕ್ಷಾ ಶುಲ್ಕ, ಪರವಾನಗಿ, ಜಿಎಸ್‌ಟಿ ಎಂದು ಹೆಸರು ಏನೇ ಇರಲಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ಈ ಸೆಟ್ಟುಗಳು ನಮ್ಮಲ್ಲಿಗೆ ಬಂದದ್ದು ಹೇಗೆ?

ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದರು. ಬೆಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದದ್ದು 1955ರ ನವೆಂಬರ್‌ನಲ್ಲಿ. ಮರ್ಫಿ, ಫಿಲಿಪ್ಸ್, ಬುಷ್, ಜಿಇಸಿ, ಎಚ್ಎಂವಿ ಸೆಟ್ಟುಗಳು ಮನೆಗಳಿಗೆ ಬಂದವು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಕರೆಂಟ್ ಇಲ್ಲದ ಊರುಗಳಲ್ಲಿ ದೊಡ್ಡ ಡ್ರೈ ಬ್ಯಾಟರಿಯಿಂದ ನಡೆಯುವ ವಾಲ್ವ್ ಸೆಟ್ಟುಗಳಿದ್ದವು.

ವಾಲ್ವ್‌ಗಳೆಲ್ಲ ವಿದೇಶದವೇ ಎಂದುಕೊಳ್ಳಬೇಡಿ. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುಮಾಡಿತು. ನಿಮ್ಮ ಸೆಟ್ಟಿನ ವಾಲ್ವ್‌ನ ಗಾಜಿನ ಮೇಲೆ ‘ಬಿಇಎಲ್’ ಎಂಬ ಅಚ್ಚು ಇರಬಹುದು, ನೋಡಿ.

ಇಂದಿನ ‘ಸ್ಟೀರಿಯೋ ರಿಸೀವರ್’ಗೆ ಹತ್ತಿರವಾದದ್ದು ಆ ಕಾಲದಲ್ಲಿ ನಮ್ಮಲ್ಲಿದ್ದ ರೇಡಿಯೋಗ್ರಾಮ್. ಒಂದೇ ಮರದ ಪೆಟ್ಟಿಗೆಯಲ್ಲಿ ರೇಡಿಯೋ, ರೆಕಾರ್ಡ್ ಪ್ಲೇಯರ್, ಕೆಲವದರಲ್ಲಿ ಎಡ ಬಲಕ್ಕೆ ಬೇರೆ ಬೇರೆ ಆಂಪ್ಲಿಫೈಯರ್. ಕೆಳಗಿನ ವಿಧಾನ ರೇಡಿಯೋ, ರೇಡಿಯೋಗ್ರಾಮ್, ಹಳೆಯ ಮೈಕ್ ಸೆಟ್ ಆಂಪ್ಲಿಫೈಯರ್ ಮೂರಕ್ಕೂ ಹೊಂದುತ್ತದೆ.

ಮೊದಲ ನಿಯಮ: ಪ್ಲಗ್‌ಗೆ ಹಾಕಬೇಡಿ

‘ಹಳೇ ಕಾಲದ್ದು ಗಟ್ಟಿ, ಏನೂ ಆಗಲ್ಲ’ ಎಂಬ ಮಾತು ಮರ, ಲೋಹ, ವಾಲ್ವ್‌ಗಳ ಮಟ್ಟಿಗೆ ಬಹುಪಾಲು ನಿಜ. ಕೆಪ್ಯಾಸಿಟರ್‌ಗಳ ಮಟ್ಟಿಗೆ ಸುಳ್ಳು. ವಿದ್ಯುತ್ತನ್ನು ನಯಗೊಳಿಸುವ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ನ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಮೇಣದ ಕಾಗದ ಸುತ್ತಿದ ಕೆಪ್ಯಾಸಿಟರ್‌ಗಳು ತೇವ ಹೀರಿ ಸೋರತೊಡಗುತ್ತವೆ, ಅಂದರೆ ತಡೆಯಬೇಕಾದ ವಿದ್ಯುತ್ತನ್ನು ಒಳಗೆ ಬಿಡುತ್ತವೆ. ಇಂಥ ಸೆಟ್ಟಿಗೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಕೆಪ್ಯಾಸಿಟರ್ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಹತ್ತು ರೂಪಾಯಿಯ ಬಿಡಿಭಾಗ ಕೆಟ್ಟು, ಎಲ್ಲೂ ಸಿಗದ ಟ್ರಾನ್ಸ್‌ಫಾರ್ಮರ್ ಬಲಿಯಾಗುತ್ತದೆ.

ಎರಡನೆಯ ನಿಯಮ: ನಿಮ್ಮ ಸೆಟ್ಟು ಯಾವ ಜಾತಿಯದ್ದು, ಮೊದಲು ತಿಳಿಯಿರಿ

ವಾಲ್ವ್ ಹೆಸರಿನ ಮೊದಲ ಅಕ್ಷರ ಬಹಳಷ್ಟು ಹೇಳುತ್ತದೆ.

- ‘ಇ’ ಇಂದ ಶುರುವಾದರೆ (ಇಸಿಎಚ್ 81, ಇಎಲ್ 84): ಹೀಟರ್ 6.3 ವೋಲ್ಟ್‌ನದು. ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು.
- ‘ಯು’ ಇಂದ ಶುರುವಾದರೆ (ಯುಸಿಎಚ್ 81, ಯುಸಿಎಲ್ 82, ಯುವೈ 85): ಎಸಿ-ಡಿಸಿ ಸೆಟ್ಟು. ಎಲ್ಲ ಹೀಟರ್‌ಗಳೂ ಸಾಲಾಗಿ ಜೋಡಣೆಯಾಗಿರುತ್ತವೆ. ಗಣೇಶನ ಹಬ್ಬದ ಹಳೆಯ ಸೀರಿಯಲ್ ಸೆಟ್ ಇದ್ದಂತೆ, ಒಂದು ಹೀಟರ್ ಹೋದರೆ ಎಲ್ಲವೂ ಆರುತ್ತವೆ.
- ‘ಡಿ’ ಇಂದ ಶುರುವಾದರೆ: ಬ್ಯಾಟರಿ ಸೆಟ್ಟು. ಇದನ್ನು ಕರೆಂಟಿಗೆ ನೇರ ಜೋಡಿಸಲೇಬಾರದು.

‘ಯು’ ಸೆಟ್ಟಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಇದರಲ್ಲಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದ ಕಾರಣ ಒಳಗಿನ ಲೋಹದ ಚಾಸಿಸ್ ನೇರ ಕರೆಂಟಿಗೆ ಸೇರಿರುತ್ತದೆ. ಎರಡು ಪಿನ್ ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಸ್ ‘ಫೇಸ್’ ಆಗಿಬಿಡುತ್ತದೆ. ಗುಂಡಿ ಬಿದ್ದುಹೋಗಿ ಲೋಹದ ಕಡ್ಡಿ ಮಾತ್ರ ಉಳಿದಿದ್ದರೆ, ವಾಲ್ಯೂಮ್ ತಿರುಗಿಸಲು ಕೈಹಾಕಿದವರಿಗೆ ಶಾಕ್ ಹೊಡೆಯುತ್ತದೆ. ಏರಿಯಲ್ ಕಡೆಯ ಹಳೆಯ ಕೆಪ್ಯಾಸಿಟರ್ ಕೆಟ್ಟಿದ್ದರೆ ಮಹಡಿ ಮೇಲೆ ಬಟ್ಟೆ ಒಣಗಿಸುವವರ ಕೈಗೆ ತಾಗುವ ಏರಿಯಲ್ ತಂತಿಯಲ್ಲೂ ಕರೆಂಟ್ ಇರಬಹುದು. ಈ ಜಾತಿಯ ಸೆಟ್ಟಿನ ಚಾಸಿಸ್‌ಗೆ ಅರ್ಥ್ ಜೋಡಿಸಬಾರದು, ಮೊಬೈಲ್ ಫೋನ್ ಸಿಕ್ಕಿಸಬಾರದು. ರಿಪೇರಿಯನ್ನು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಮೆಕ್ಯಾನಿಕ್‌ಗೇ ಬಿಡಿ.

ಸ್ವಿಚ್ ಆಫ್ ಮಾಡಿದರೂ ಅಪಾಯ ಮುಗಿಯುವುದಿಲ್ಲ. ಒಳಗೆ 200ರಿಂದ 300 ವೋಲ್ಟ್ ಡಿಸಿ ಕೆಪ್ಯಾಸಿಟರ್‌ನಲ್ಲಿ ಉಳಿದಿರಬಹುದು. ಮೆಕ್ಯಾನಿಕ್‌ಗಳು ಪ್ಲಗ್ ಕಿತ್ತ ಮೇಲೆ 10 ಕಿಲೋಓಮ್, 5 ವಾಟ್ ರೆಸಿಸ್ಟರ್‌ನ ಒಂದು ತುದಿಯನ್ನು ಚಾಸಿಸ್‌ಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಇನ್ಸುಲೇಷನ್ ಇರುವ ಹಿಡಿಯಿಂದ ಕೆಪ್ಯಾಸಿಟರ್‌ಗೆ ಹತ್ತು ಸೆಕೆಂಡ್ ಮುಟ್ಟಿಸುತ್ತಾರೆ. ಆಮೇಲೆ ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಹಾಕುತ್ತಾರೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಒಳ್ಳೆಯದಲ್ಲ.

ಮನೆಯಲ್ಲಿ ನೀವೇ ಮಾಡಬಹುದಾದ ಕೆಲಸ (ಪ್ಲಗ್ ಇಲ್ಲದೆ)

1. ಹಿಂದಿನ ಹಲಗೆ ತೆಗೆದು, ಎಲ್ಲ ಕೋನಗಳಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಯಾವ ವಾಲ್ವ್ ಎಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ.
2. ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆಯಿರಿ. ಇಲಿ, ಜಿರಲೆ ಕಡಿದ ತಂತಿ ಇದೆಯೇ ನೋಡಿ. ಶಾಖ ತಡೆಯಲು ಇಟ್ಟ ಬೂದು ಬಣ್ಣದ ಹಾಳೆ ಕಂಡರೆ ಕೆರೆಯಬೇಡಿ, ಅದು ಆಸ್ಬೆಸ್ಟಾಸ್ ಇರಬಹುದು.
3. ಡಯಲ್ ಗಾಜಿನ ಒಳಬದಿಗೆ ಒದ್ದೆ ಬಟ್ಟೆ ತಾಗಿಸಬೇಡಿ. ಊರುಗಳ ಹೆಸರು ಅಲ್ಲೇ ಅಚ್ಚಾಗಿರುತ್ತವೆ, ಒರೆಸಿದರೆ ಅಳಿಸಿಹೋಗುತ್ತವೆ.
4. ವಾಲ್ವ್‌ನ ಗಾಜಿನ ಮೇಲಿನ ಅಚ್ಚನ್ನೂ ಉಜ್ಜಬೇಡಿ. ನಂಬರ್ ಹೋದರೆ ಗುರುತು ಹಿಡಿಯುವುದು ಕಷ್ಟ.
5. ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಚಿಕ್ಕ ಫಲಕ ಇದ್ದರೆ ಅದು 110ರಲ್ಲಿದೆಯೋ 220-240ರಲ್ಲಿದೆಯೋ ನೋಡಿ. 110ಕ್ಕೆ ಇಟ್ಟ ಸೆಟ್ಟಿಗೆ ನಮ್ಮ ಕರೆಂಟ್ ಕೊಟ್ಟರೆ ಸುಟ್ಟಂತೆಯೇ.
6. ಮೇನ್ಸ್ ವೈರ್‌ನ ರಬ್ಬರ್ ಒಣಗಿ ಉದುರುತ್ತಿದ್ದರೆ ಹೊಸ ವೈರ್ ಹಾಕಿಸಿ.
7. ಮಲ್ಟಿಮೀಟರ್ ಬಳಸಲು ಬಂದರೆ ಪ್ಲಗ್‌ನ ಎರಡು ಪಿನ್ ನಡುವೆ ಓಮ್ ನೋಡಿ. ಸ್ವಿಚ್ ಆನ್ ಮಾಡಿದಾಗ ಟ್ರಾನ್ಸ್‌ಫಾರ್ಮರ್ ಸೆಟ್ಟಿನಲ್ಲಿ ಹತ್ತಾರು ಓಮ್ ಸಾಮಾನ್ಯ. ಸೊನ್ನೆ ಎಂದರೆ ಶಾರ್ಟ್. ಏನೂ ತೋರದಿದ್ದರೆ ಫ್ಯೂಸ್, ಸ್ವಿಚ್ ಅಥವಾ ವೈರ್ ಕಡಿದಿದೆ.

ಮೆಕ್ಯಾನಿಕ್ ಮೊದಲ ಬಾರಿ ಕರೆಂಟ್ ಕೊಡುವುದು ಹೇಗೆ?

ಎಲೆಕ್ಟ್ರಿಷಿಯನ್‌ಗಳ ಬಳಿ ಇರುವ ಸೀರೀಸ್ ಬೋರ್ಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ರೇಡಿಯೋ ಜೊತೆ ಸಾಲಾಗಿ 60 ಅಥವಾ 100 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಹಾಕುತ್ತಾರೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂದವಾದರೆ ಮುಂದುವರಿಯಬಹುದು. ಪೂರ್ತಿ ಬೆಳಕಿನಲ್ಲೇ ನಿಂತರೆ ರೇಡಿಯೋದಲ್ಲಿ ಶಾರ್ಟ್ ಇದೆ. ಆಗ ಉರಿಯುವುದು ಬಲ್ಬ್, ರೇಡಿಯೋ ಅಲ್ಲ.

ಅದಕ್ಕೂ ಮುಂಚೆ ಎರಡು ಕೆಲಸ ಆಗಿರಬೇಕು. ಒಂದು, ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ಬದಲಾವಣೆ. ಇಲ್ಲಿ ‘ದೊಡ್ಡದು ಹಾಕಿದರೆ ಒಳ್ಳೆಯದು’ ಎಂಬ ನಂಬಿಕೆ ತಪ್ಪು. ಇಜೆಡ್ 80 ಥರದ ರೆಕ್ಟಿಫೈಯರ್ ವಾಲ್ವ್ ಮೊದಲ ಕೆಪ್ಯಾಸಿಟರ್ 50 ಮೈಕ್ರೋಫ್ಯಾರಡ್‌ಗಿಂತ ಹೆಚ್ಚಿದ್ದರೆ ತಡೆಯುವುದಿಲ್ಲ. ಎರಡು, ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಸೇರುವ ಚಿಕ್ಕ ಕಾಗದದ ಕೆಪ್ಯಾಸಿಟರ್. ಇಡೀ ಸೆಟ್ಟಿನಲ್ಲಿ ಒಂದೇ ಒಂದನ್ನು ಬದಲಿಸಬೇಕೆಂದರೆ ಇದನ್ನು ಬದಲಿಸಬೇಕು. ಇದು ಸೋರಿದರೆ ಔಟ್‌ಪುಟ್ ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಅದರ ಆನೋಡ್ ಕೆಂಪಗೆ ಕಾಯುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅಷ್ಟೇ ಮೌಲ್ಯದ, 400 ಅಥವಾ 630 ವೋಲ್ಟ್‌ನ ಪಾಲಿಯೆಸ್ಟರ್ ಕೆಪ್ಯಾಸಿಟರ್ ಹಾಕಿದರಾಯಿತು. ಮೇನ್ಸ್ ಕಡೆಯ ಕೆಪ್ಯಾಸಿಟರ್‌ಗೆ ಮಾತ್ರ ಎಕ್ಸ್ 2 ಅಥವಾ ವೈ 2 ಎಂದು ಗುರುತಿರುವ ಸುರಕ್ಷಾ ಮಾದರಿಯೇ ಬೇಕು.

ರಿಪೇರಿ ಸರಿಯಾಯಿತೇ ಎಂದು ಲೆಕ್ಕ ಹಾಕಿ ನೋಡಬಹುದು. ಇಎಲ್ 84 ವಾಲ್ವ್‌ನ ಕ್ಯಾಥೋಡ್‌ನಲ್ಲಿ 135 ಓಮ್ ರೆಸಿಸ್ಟರ್ ಇದೆ ಎನ್ನಿ. ಅದರ ಮೇಲೆ 7.3 ವೋಲ್ಟ್ ಬಂದರೆ ಕರೆಂಟ್ 54 ಮಿಲಿಆಂಪ್, ಸರಿಯಾಗಿದೆ. 12 ವೋಲ್ಟ್ ಬಂದರೆ 89 ಮಿಲಿಆಂಪ್. ಆ ವಾಲ್ವ್‌ನ ಮಿತಿ 65. ಕೂಡಲೇ ಆಫ್ ಮಾಡಬೇಕು.

ಲಕ್ಷಣ ನೋಡಿ ರೋಗ ತಿಳಿಯುವುದು

*ಜೋರಾದ ಗುಂಯ್ ಸದ್ದು, ವಾಲ್ಯೂಮ್ ಇಳಿಸಿದರೂ ಕಡಿಮೆಯಾಗದು:* ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿದೆ.

*ಮೊದಲು ಚೆನ್ನಾಗಿ ಹಾಡಿ, ಹತ್ತು ನಿಮಿಷದ ಮೇಲೆ ಗೊಗ್ಗರು ದನಿ:* ಮೇಲೆ ಹೇಳಿದ ಗ್ರಿಡ್ ಕೆಪ್ಯಾಸಿಟರ್ ಬಿಸಿಯಾಗಿ ಸೋರುತ್ತಿದೆ. ಹೀಗೆ ಆಡಿಸುತ್ತಲೇ ಇರಬೇಡಿ.

*ವಾಲ್ಯೂಮ್ ತಿರುಗಿಸಿದಾಗ ಕರಕರ:* ವಾಲ್ಯೂಮ್ ಕಂಟ್ರೋಲ್‌ನ ಒಳಗೆ ಧೂಳು. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಬಾರಿ ಸಿಂಪಡಿಸಿ, ಹಲವು ಸಲ ತಿರುಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಅಡುಗೆ ಎಣ್ಣೆ, ಸೀಮೆಎಣ್ಣೆ ಬೇಡ.

*ದೀಪ ಹತ್ತುತ್ತದೆ, ವಾಲ್ವ್ ಬಿಸಿಯಾಗುತ್ತದೆ, ಗುಂಯ್ ಸದ್ದೂ ಇಲ್ಲ:* ಎಚ್‌ಟಿ ವೋಲ್ಟೇಜ್ ಬರುತ್ತಿಲ್ಲ, ಇಲ್ಲವೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಡಿದಿದೆ.

*ಹಿಸ್ ಸದ್ದು ಇದೆ, ಸ್ಟೇಷನ್ ಇಲ್ಲ:* ಒಳಗಿನ ಆಸಿಲೇಟರ್ ನಡೆಯುತ್ತಿದೆಯೇ ನೋಡಬೇಕು. ಇದಕ್ಕೊಂದು ಸುಲಭ ಉಪಾಯವಿದೆ. ಈ ರೇಡಿಯೋಗಳ ಆಸಿಲೇಟರ್, ನೀವು ಕೇಳುವ ಸ್ಟೇಷನ್‌ಗಿಂತ ಸುಮಾರು 455 ಕಿಲೋಹರ್ಟ್ಸ್ ಮೇಲೆ ಓಡುತ್ತದೆ. ವಾಲ್ವ್ ಸೆಟ್ಟನ್ನು 612ರ ಹತ್ತಿರ ಇಟ್ಟು, ಪಕ್ಕದಲ್ಲಿ ಬ್ಯಾಟರಿ ಟ್ರಾನ್ಸಿಸ್ಟರ್ ರೇಡಿಯೋವನ್ನು 1067ರ ಆಸುಪಾಸಿನಲ್ಲಿಡಿ. ವಾಲ್ವ್ ಸೆಟ್ಟಿನ ಮುಳ್ಳನ್ನು ನಿಧಾನ ಆಡಿಸಿದಾಗ ಟ್ರಾನ್ಸಿಸ್ಟರ್‌ನಲ್ಲಿ ಶಿಳ್ಳೆ ಬಂದರೆ ಅಥವಾ ಹಿಸ್ ಸದ್ದು ತಟ್ಟನೆ ಅಡಗಿದರೆ ಆಸಿಲೇಟರ್ ಜೀವಂತವಾಗಿದೆ.

*ರೇಡಿಯೋಗ್ರಾಮ್‌ನಲ್ಲಿ ಒಂದೇ ಕಡೆ ಸದ್ದು:* ಆಫ್ ಮಾಡಿ, ವಾಲ್ವ್ ತಣ್ಣಗಾದ ಮೇಲೆ, ಎಡ ಬಲದ ಔಟ್‌ಪುಟ್ ವಾಲ್ವ್‌ಗಳನ್ನು ಅದಲುಬದಲು ಮಾಡಿ. ಎರಡೂ ಒಂದೇ ನಂಬರಿನವಾಗಿರಬೇಕು. ತೊಂದರೆ ಇನ್ನೊಂದು ಕಡೆಗೆ ಹೋದರೆ ವಾಲ್ವ್ ಕೆಟ್ಟಿದೆ. ಅಲ್ಲೇ ಉಳಿದರೆ ತೊಂದರೆ ಆ ಬದಿಯ ಸರ್ಕ್ಯೂಟ್ ಅಥವಾ ಸ್ಪೀಕರ್‌ನಲ್ಲಿದೆ. ಒಂದು ಎಚ್ಚರ: ಸ್ಪೀಕರ್ ಕಳಚಿಟ್ಟು ವಾಲ್ವ್ ಆಂಪ್ಲಿಫೈಯರ್ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಒಳಗೆ ಕಿಡಿ ಹಾರಿ ಹಾಳಾಗುತ್ತದೆ.

ಸ್ಟೇಷನ್ ಸರಿಯಾಗಿ ಸಿಗುತ್ತಿಲ್ಲ ಎಂದು ಅಲ್ಯೂಮಿನಿಯಂ ಡಬ್ಬಿಗಳ ಒಳಗಿನ ಸ್ಕ್ರೂಗಳನ್ನು ಮಾತ್ರ ತಿರುಗಿಸಬೇಡಿ. ಅಲ್ಲಿರುವುದು ಕೂದಲಿನಂಥ ತಾಮ್ರದ ಎಳೆಗಳ ಕಾಯಿಲ್, ಹಲವು ಸೆಟ್ಟುಗಳಲ್ಲಿ ಆ ಎಳೆಗಳಿಗೆ ರೇಷ್ಮೆ ಸುತ್ತಿರುತ್ತಾರೆ. ಹೌದು, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರುವ ಅದೇ ರೇಷ್ಮೆ ಜಾತಿಯ ನೂಲು. ಒಮ್ಮೆ ಅಳತೆ ತಪ್ಪಿದರೆ ಸಿಗ್ನಲ್ ಜನರೇಟರ್ ಇಲ್ಲದೆ ಸರಿಮಾಡುವುದು ಬಹಳ ಕಷ್ಟ.

ರೇಡಿಯೋ ಸರಿಯಿದೆ, ಆದರೂ ಏನೂ ಕೇಳುತ್ತಿಲ್ಲವೇ?

ತಪ್ಪು ರೇಡಿಯೋದ್ದಲ್ಲದೆಯೂ ಇರಬಹುದು. ಇಂದು ಬೆಂಗಳೂರಿನ ವಿವಿಧ ಭಾರತಿ 102.9 ಮೆಗಾಹರ್ಟ್ಸ್‌ನ ಎಫ್‌ಎಂನಲ್ಲಿದೆ. ನಮ್ಮಲ್ಲಿ ಮಾರಾಟವಾದ ಹೆಚ್ಚಿನ ವಾಲ್ವ್ ಸೆಟ್ಟುಗಳಲ್ಲಿ ಎಫ್‌ಎಂ ಇಲ್ಲವೇ ಇಲ್ಲ. ಡಯಲ್ ಮೇಲೆ ಹೆಸರಿರುವ ಹಲವು ಶಾರ್ಟ್‌ವೇವ್ ಕೇಂದ್ರಗಳು ಮುಚ್ಚಿವೆ.

ನಿಮ್ಮ ಪರೀಕ್ಷೆಗೆ ಸರಿಯಾದದ್ದು ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ, 612 ಕಿಲೋಹರ್ಟ್ಸ್. ಡಯಲ್‌ನಲ್ಲಿ ಮೀಟರ್ ಲೆಕ್ಕವಿದ್ದರೆ 3,00,000 ಅನ್ನು 612ರಿಂದ ಭಾಗಿಸಿ, 490 ಮೀಟರ್ ಹತ್ತಿರ ಹುಡುಕಿ. ಇಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡು ಬೆಟ್ಟಗುಡ್ಡ ಬಳಸಿ ಬರುತ್ತದೆ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್ ಮಾತ್ರ, ಅದು ಸಾವನದುರ್ಗದಂಥ ಬಂಡೆಯ ಮರೆಯಲ್ಲಿ ಕುಗ್ಗುತ್ತದೆ. ಹಾಗಾಗಿ ಮಾಗಡಿ, ಕನಕಪುರದ ಹಳ್ಳಿಗಳಲ್ಲೂ ಹಗಲಿನಲ್ಲಿ 612 ಹಿಡಿಯಬೇಕು.

ಹಿಡಿಯದಿದ್ದರೆ 5ರಿಂದ 10 ಮೀಟರ್ ಇನ್ಸುಲೇಷನ್ ಇರುವ ತಂತಿಯನ್ನು ಏರಿಯಲ್ ತೂತಿಗೆ ಹಾಕಿ. ಬೆಸ್ಕಾಂ ತಂತಿಗಳಿಂದ ದೂರವಿರಲಿ, ಗುಡುಗು ಸಿಡಿಲು ಬರುವ ಲಕ್ಷಣವಿದ್ದರೆ ಮೊದಲೇ ಕಿತ್ತಿಡಿ. ಆಮೇಲೆ ಮನೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆಫ್ ಮಾಡಿ ನೋಡಿ. ಇವು ಹೊರಡಿಸುವ ಗದ್ದಲ ಮಧ್ಯಮ ತರಂಗವನ್ನು ಮುಚ್ಚಿಹಾಕುತ್ತದೆ. ಬ್ಯಾಟರಿ ಟ್ರಾನ್ಸಿಸ್ಟರ್ ಹಿಡಿದು ಮನೆಯೆಲ್ಲ ಓಡಾಡಿದರೆ ಗದ್ದಲ ಎಲ್ಲಿಂದ ಎಂದು ಗೊತ್ತಾಗುತ್ತದೆ.

ರಾತ್ರಿ ದೂರದ ಊರಿನ ಸ್ಟೇಷನ್‌ಗಳು ಬರುವುದಕ್ಕೆ ‘ರಾತ್ರಿ ಕರೆಂಟ್ ಚೆನ್ನಾಗಿರುತ್ತೆ’ ಎಂಬುದು ಕಾರಣವಲ್ಲ. ಹಗಲಿನಲ್ಲಿ ಈ ಅಲೆಗಳನ್ನು ಹೀರುವ ವಾತಾವರಣದ ಮೇಲಿನ ಒಂದು ಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ಅಲೆಗಳು ಅದಕ್ಕೂ ಮೇಲಿನ ಪದರಕ್ಕೆ ಬಡಿದು ದೂರದಲ್ಲಿ ಇಳಿಯುತ್ತವೆ.

ಪೆಟ್ಟಿಗೆ, ಗುಂಡಿ, ಬಿಡಿಭಾಗ

ಮರದ ಪೆಟ್ಟಿಗೆಗೆ ಹಲವು ಕಡೆ ಅರಗಿನ ಪಾಲಿಶ್ ಇರುತ್ತದೆ. ಸ್ಪಿರಿಟ್ ಅಥವಾ ಥಿನ್ನರ್ ಹಾಕಿ ಒರೆಸಿದರೆ ಪಾಲಿಶ್ಶೇ ಕರಗಿ ಬರುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮೇಣ ಹಚ್ಚಿದರೆ ಸಾಕು.

ಒಡೆದ ಗುಂಡಿಗೆ ಚನ್ನಪಟ್ಟಣದಲ್ಲೇ ದಾರಿ ಇದೆ. ಗೊಂಬೆ ಮಾಡುವ ಲೇತ್‌ನಲ್ಲಿ ಆಲೆ ಮರ ತಿರುಗಿಸಿ ಅರಗಿನ ಬಣ್ಣ ಹಿಡಿಸುವ ಕೆಲಸಕ್ಕೆ ರೇಡಿಯೋ ಗುಂಡಿ ಕಷ್ಟದ್ದಲ್ಲ. ಉಳಿದಿರುವ ಒಂದು ಗುಂಡಿಯನ್ನು ಮಾದರಿಗೆ ಕೊಡಿ, ಕಡ್ಡಿಯ ದಪ್ಪ 6 ಮಿಲಿಮೀಟರೋ ಕಾಲು ಇಂಚೋ ಅಳೆದು ಹೇಳಿ. ಒಣಮರವೂ ಅರಗೂ ವಿದ್ಯುತ್ ಹರಿಸುವುದಿಲ್ಲ. ಕಡ್ಡಿಗೆ ಬಿಗಿಯುವ ಸ್ಕ್ರೂ ಮಾತ್ರ ಮರದ ಒಳಗೆ ಮುಳುಗಿರಬೇಕು, ಬೆರಳಿಗೆ ತಾಗಬಾರದು.

ಕೆಪ್ಯಾಸಿಟರ್, ರೆಸಿಸ್ಟರ್ ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ವಾಲ್ವ್ ಬೇಕಾದರೆ ನಂಬರ್ ಬರೆದುಕೊಂಡು ಹೋಗಿ. ಒಂದೇ ವಾಲ್ವ್‌ಗೆ ಎರಡು ಹೆಸರಿರಬಹುದು, ಇಸಿಸಿ 83 ಎಂಬುದೇ ಅಮೆರಿಕದ ಲೆಕ್ಕದಲ್ಲಿ 12ಎಎಕ್ಸ್7. ‘ಎಲ್ಲ ವಾಲ್ವ್ ಬದಲಿಸಬೇಕು’ ಎಂದು ಪರೀಕ್ಷೆ ಮಾಡದೆಯೇ ಹೇಳಿದರೆ ಒಪ್ಪಬೇಡಿ. ವಾಲ್ವ್‌ಗಳು ಸಾವಿರಾರು ಗಂಟೆ ಬಾಳುತ್ತವೆ, ತೊಂದರೆ ಹೆಚ್ಚಾಗಿ ಕೆಪ್ಯಾಸಿಟರ್‌ನದು.

ಕರೆಂಟ್ ಬಿಲ್ ಬಗ್ಗೆ ಹೆದರಿಕೆಯೂ ಬೇಡ. ಐದು ವಾಲ್ವ್‌ನ ಸೆಟ್ಟು ಸುಮಾರು 50 ವಾಟ್ ಎಳೆಯುತ್ತದೆ. ಇಪ್ಪತ್ತು ಗಂಟೆ ಕೇಳಿದರೆ ಒಂದು ಯೂನಿಟ್.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಹಳೆಯ ರೇಡಿಯೋದಲ್ಲಿ ಕೆಂಪು ಪಾದರಸ ಇಲ್ಲ, ವಾಲ್ವ್ ಒಡೆಯಬೇಡಿ. ಕೊಳ್ಳುವವರು ಮುಂಗಡ ಹಣ ಕೇಳಿದರೆ ಅದು ವಂಚನೆ. ಕೆಪ್ಯಾಸಿಟರ್ ಪರೀಕ್ಷಿಸದೆ ನೇರ ಪ್ಲಗ್‌ಗೆ ಹಾಕಬೇಡಿ. ವಾಲ್ವ್ ನಂಬರ್ ‘ಯು’ ಇಂದ ಶುರುವಾದರೆ ಹಿಂದಿನ ಹಲಗೆ ತೆಗೆದಿಟ್ಟು, ಗುಂಡಿ ಇಲ್ಲದೆ ಆನ್ ಮಾಡಲೇಬೇಡಿ. ಊರಿನಲ್ಲಿ ವಾಲ್ವ್ ಸೆಟ್ ಬಲ್ಲ ಹಿರಿಯ ಮೆಕ್ಯಾನಿಕ್ ಇನ್ನೂ ಇದ್ದರೆ ಅವರಿಗೆ ತೋರಿಸಿ, ಅವರು ಕೆಲಸ ಮಾಡುವಾಗ ಮನೆಯ ಹುಡುಗರನ್ನು ಪಕ್ಕದಲ್ಲಿ ಕೂರಿಸಿ. ರಿಪೇರಿಯಾದ ಸೆಟ್ಟನ್ನು 612ಕ್ಕೆ ತಿರುಗಿಸಿ, ವಾಲ್ವ್ ಕಾಯಲು ಅರ್ಧ ನಿಮಿಷ ಬಿಡಿ.